ನೋಟಿನೊಳಗಿನ ಚಿಪ್, ಫೋನಿನೊಳಗಿನ ರೂಪಾಯಿ

ಹಣದ ವಿಷಯದಲ್ಲಿ ಸುತ್ತೋಲೆಗಿಂತ ವದಂತಿಯ ಕಾಲು ಚುರುಕು. ರಿಸರ್ವ್ ಬ್ಯಾಂಕ್ ಮುಂಬೈಯಲ್ಲಿ ಒಂದು ಪ್ರಕಟಣೆ ಹೊರಡಿಸಿ ಅದು ಪತ್ರಿಕೆಯ ಒಳಪುಟ ಸೇರುವಷ್ಟರಲ್ಲಿ ನಮ್ಮ ಮೈಸೂರು ಸೀಮೆಯ ಮಿರ್ಲೆಯ ಟೀ ಅಂಗಡಿಗಳಲ್ಲಿ ಅದಕ್ಕೆ ಮೂರು ಪಾಠಾಂತರ ಹುಟ್ಟಿರುತ್ತವೆ. ಭತ್ತದ ಧಾರಣೆಯನ್ನು ಯಾರೋ ಹೇಳಿದರೆಂದು ನಾವು ನಂಬುವುದಿಲ್ಲ. ನಾಲ್ಕು ಕಡೆ ಫೋನು ಹಚ್ಚಿ ಕೇಳುತ್ತೇವೆ. ಅದೇ ಭತ್ತದ ದುಡ್ಡು ಫೋನಿಗೆ ಬೀಳುವ ಸಂಗತಿಗೆ ಬಂದರೆ ಮಾತ್ರ ಫಾರ್ವರ್ಡ್ ಆಗಿ ಬಂದದ್ದೇ ಗೆಜೆಟ್. ಇಂಥ ಮಾತುಗಳನ್ನು ನಂಬಿದವರ ಸಾಲಿನಲ್ಲಿ ನಾವೂ ನಿಂತವರೇ. ಇವುಗಳಲ್ಲಿ ಕೆಲವು ಶುದ್ಧ ಕಟ್ಟುಕತೆ. ಕೆಲವಕ್ಕೆ ತಲೆ ನಿಜ, ಬಾಲ ಸುಳ್ಳು. ಹೆದರಬೇಕಾದ ಕಡೆ ಹೆದರದೆ, ಹೆದರಬೇಕಿಲ್ಲದ ಕಡೆ ಬೆವರುತ್ತಿದ್ದೇವೆ ಎಂಬುದೇ ನಮ್ಮ ತಕರಾರು.

ಮೊದಲು ಹಳೆಯ ಗಿರಾಕಿ. ಎರಡು ಸಾವಿರದ ನೋಟಿನಲ್ಲಿ ಚಿಪ್ ಇತ್ತು, ನೆಲದಡಿ ನೂರಿಪ್ಪತ್ತು ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಅದನ್ನು ಪತ್ತೆ ಮಾಡುತ್ತಿತ್ತು, ಆ ಕೆಲಸ ಮುಗಿದ ಮೇಲೆ ನೋಟನ್ನು ವಾಪಸ್ ಪಡೆದರು ಎಂದು ಇವತ್ತಿಗೂ ಹೇಳುವವರಿದ್ದಾರೆ.

ವಾಸ್ತವ: ಆ ನೋಟು ಅಚ್ಚಾದದ್ದು ದೂರದ ಯಾವುದೋ ಗುಪ್ತ ಪ್ರಯೋಗಾಲಯದಲ್ಲಲ್ಲ, ನಮ್ಮ ಮೈಸೂರಿನಲ್ಲಿ. ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಕಂಪನಿಯ ಮುದ್ರಣಾಲಯ ಅಲ್ಲಿ 1996ರಿಂದ ನಡೆಯುತ್ತಿದೆ; ನೋಟಿನ ಕಾಗದ ತಯಾರಿಸುವ ಕಾರ್ಖಾನೆಯೂ ಮೈಸೂರಿನಲ್ಲೇ ಇದೆ. ನೋಟಿನ ಕಾಗದವೆಂದರೆ ಹತ್ತಿಯ ನಾರು. ಅದರೊಳಗೆ ಹೊಳೆಯುವ ಪಟ್ಟಿ ಭದ್ರತಾ ದಾರ. ಓರೆ ಮಾಡಿದರೆ ಹಸಿರು ನೀಲಿಯಾಗುತ್ತದೆ, ಅಷ್ಟೇ ಅದರ ಚಮತ್ಕಾರ. ಇನ್ನು ಜಿಪಿಎಸ್. ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಮೇಲಿಂದ ಸಂಕೇತ ಕಳಿಸುತ್ತವೆ. ನಮ್ಮ ಫೋನು ಅದನ್ನು ಕೇಳಿಸಿಕೊಂಡು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಫೋನು ಎಲ್ಲಿದೆಯೆಂದು ಉಪಗ್ರಹಕ್ಕೆ ಗೊತ್ತಾಗುವುದೇ ಇಲ್ಲ. ಗೊತ್ತಾಗಬೇಕಾದರೆ ತಿರುಗಿ ಹೇಳುವ ಪ್ರೇಷಕ ಬೇಕು, ಆಂಟೆನಾ ಬೇಕು, ಬ್ಯಾಟರಿ ಬೇಕು. ದಿನಕ್ಕೊಮ್ಮೆ ಚಾರ್ಜಿಗಿಡುವ ಫೋನಿನ ಜಿಪಿಎಸ್ಸೇ ನೆಲಮಾಳಿಗೆಯಲ್ಲಿ ತಡಬಡಾಯಿಸುವಾಗ, ಚಾರ್ಜೇ ಇಲ್ಲದ ಕಾಗದ ಮಣ್ಣಿನಡಿಯಿಂದ ಮಾತಾಡುವುದು ಹೇಗೆ? 2023ರ ಮೇ 19ರಂದು ರಿಸರ್ವ್ ಬ್ಯಾಂಕ್ ಆ ನೋಟನ್ನು ಚಲಾವಣೆಯಿಂದ ಹಿಂತೆಗೆಯುವುದಾಗಿ ಹೇಳಿತು. ಶೇಕಡಾ 98ಕ್ಕೂ ಹೆಚ್ಚು ನೋಟುಗಳು ಜನ ತಂದುಕೊಟ್ಟೇ ವಾಪಸಾದವು, ಯಾವ ಉಪಗ್ರಹವೂ ಹುಡುಕಲಿಲ್ಲ. ಇಷ್ಟಾಗಿಯೂ ಈ ಕತೆ ಬಾಳಿದ್ದೇಕೆ? ಬೇರೆಯವರ ಮನೆಯ ಕಪ್ಪುಹಣ ಸಿಕ್ಕಿಬೀಳಲಿ ಎಂಬ ಆಸೆ ನಮ್ಮಲ್ಲಿತ್ತು. ಬೇಕಾದ ಸುಳ್ಳಿಗೆ ಸಾಕ್ಷಿ ಕೇಳುವವರಿಲ್ಲ.

ಇದರ ಜೊತೆಯವೇ ಎರಡು ಚಿಕ್ಕ ನಂಬಿಕೆಗಳು. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ. ನಂಬರಿನ ನಡುವೆ ನಕ್ಷತ್ರವಿರುವ ಐನೂರರ ನೋಟು ಖೋಟಾ.

ವಾಸ್ತವ: ಎರಡೂ ನಡೆಯುತ್ತವೆ. ಹತ್ತರ ನಾಣ್ಯದ 14 ವಿನ್ಯಾಸಗಳು ಚಲಾವಣೆಯಲ್ಲಿವೆ, ಎಲ್ಲವೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ಮುದ್ರಣದಲ್ಲಿ ಹಾಳಾದ ನೋಟಿನ ಬದಲಿಗೆ ಕಟ್ಟಿಗೆ ಸೇರಿಸುವ ನೋಟಿಗೆ ನಕ್ಷತ್ರ ಹಾಕುವ ಪದ್ಧತಿ 2006ರಿಂದ ಇದೆ. ಹತ್ತರ ನಾಣ್ಯ ಬೇಡವೆನ್ನುವ ಅಂಗಡಿಯವರು ಯಾವ ಆದೇಶ ನೋಡಿ ಹೇಳುತ್ತಾರೋ, ಕೇಳಿದರೆ ಪಕ್ಕದ ಅಂಗಡಿಯವನು ತಗೊಳ್ಳಲ್ಲ ಸಾರ್ ಎನ್ನುತ್ತಾರೆ. ಪಕ್ಕದ ಅಂಗಡಿಯವನ ಉತ್ತರವೂ ಅದೇ.

ಈಗ ದೊಡ್ಡ ಮಾತಿಗೆ ಬರೋಣ. ಡಿಜಿಟಲ್ ರೂಪಾಯಿ ಬಂದಿದೆಯಂತೆ, ಇನ್ನು ನೋಟು ಮುದ್ರಿಸುವುದಿಲ್ಲವಂತೆ, ಮನೆಯಲ್ಲಿಟ್ಟ ನಗದೆಲ್ಲ ಒಂದು ರಾತ್ರಿ ಕಾಗದವಾಗುತ್ತದಂತೆ. ಇನ್ನು ಕೆಲವರು ಅದು ಬೇರೇನಲ್ಲ, ನಾವು ಈಗಾಗಲೇ ಮಾಡುತ್ತಿರುವ ಫೋನ್‌ಪೇ, ಗೂಗಲ್ ಪೇಯೇ ಎನ್ನುತ್ತಾರೆ. ಸರ್ಕಾರವೇ ತಂದ ಬಿಟ್‌ಕಾಯಿನ್ ಎನ್ನುವವರು ಮೂರನೆಯ ಗುಂಪು.

ವಾಸ್ತವ: ಮೂರೂ ತಪ್ಪು. ಆದರೆ ಮೊದಲನೆಯದನ್ನು ನಂಬಿದವರನ್ನು ದೂರುವಂತಿಲ್ಲ. 2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆಗೆ ಟಿವಿ ಮುಂದೆ ಕೂತಿದ್ದವರಿಗೆ ಒಂದು ರಾತ್ರಿಯಲ್ಲಿ ನೋಟು ಕಾಗದವಾಗುವುದು ಕತೆಯಲ್ಲ, ಅನುಭವ. ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತವರು ಮುಂದಿನ ಪ್ರತಿ ಸುದ್ದಿಯನ್ನೂ ಆ ಸಾಲಿನಿಂದಲೇ ನೋಡುತ್ತಾರೆ. ಆದರೆ ಲೆಕ್ಕ ಬೇರೆ ಹೇಳುತ್ತದೆ. ನೋಟು ರದ್ದಾಗುವ ಹೊತ್ತಿಗೆ ದೇಶದಲ್ಲಿ ಚಲಾವಣೆಯಲ್ಲಿದ್ದ ನಗದು 17 ಲಕ್ಷ ಕೋಟಿ ರೂಪಾಯಿ ಮೀರಿತ್ತು. 2025ರ ಮಾರ್ಚ್ ಕೊನೆಗೆ ಅದು 36 ಲಕ್ಷ ಕೋಟಿ ದಾಟಿತು. ಅದೇ ದಿನ ಚಲಾವಣೆಯಲ್ಲಿದ್ದ ಡಿಜಿಟಲ್ ರೂಪಾಯಿ ಸುಮಾರು 1,016 ಕೋಟಿ. ನಗದು ಕೆರೆಯಷ್ಟಿದ್ದರೆ ಇದು ಇನ್ನೂ ಒಂದು ಬೊಗಸೆ. ನೋಟು ಮಾಯವಾಗುವ ಮಾತು ಹಾಗಿರಲಿ, ನೋಟು ದುಪ್ಪಟ್ಟಾಗಿದೆ.

ಹಾಗಾದರೆ ಈ ಡಿಜಿಟಲ್ ರೂಪಾಯಿ ಏನು? 2022ರ ಬಜೆಟ್ ಜೊತೆ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು ಬ್ಯಾಂಕ್ ನೋಟು ಎಂಬುದರ ವ್ಯಾಖ್ಯೆಗೆ ಡಿಜಿಟಲ್ ರೂಪವನ್ನೂ ಸೇರಿಸಿದರು. ಅದೇ ವರ್ಷ ಡಿಸೆಂಬರ್ 1ರಂದು ಜನಸಾಮಾನ್ಯರ ಬಳಕೆಯ ಪ್ರಯೋಗ ಶುರುವಾಯಿತು. ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಫೋನ್‌ಪೇ, ಗೂಗಲ್ ಪೇ ನಡೆಯುವ ಯುಪಿಐ ಎಂಬುದು ದುಡ್ಡಲ್ಲ, ದುಡ್ಡು ಸಾಗಿಸುವ ಕಾಲುವೆ. ಅದರಲ್ಲಿ ಹರಿಯುವುದು ನಮ್ಮ ಬ್ಯಾಂಕ್ ಖಾತೆಯ ಹಣ. ಖಾತೆಯ ಹಣವೆಂದರೆ ಬ್ಯಾಂಕು ನಮಗೆ ಕೊಡಬೇಕಾದ ಬಾಕಿ. ಬ್ಯಾಂಕು ಮುಳುಗಿದರೆ ಐದು ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ, ಅದರಾಚೆ ದೇವರ ಇಚ್ಛೆ. ಡಿಜಿಟಲ್ ರೂಪಾಯಿ ಹಾಗಲ್ಲ. ಜೇಬಿನ ನೂರರ ನೋಟಿನಂತೆ ಅದೂ ನೇರವಾಗಿ ರಿಸರ್ವ್ ಬ್ಯಾಂಕಿನ ಹೊಣೆ. ಫೋನಿನ ವ್ಯಾಲೆಟ್ಟಿನಲ್ಲಿ ಐವತ್ತು, ನೂರು, ಐನೂರು ಎಂದು ನೋಟಿನ ಮುಖಬೆಲೆಯಲ್ಲೇ ಕೂರುತ್ತದೆ. ಮನೆಯಲ್ಲಿಟ್ಟ ನೋಟಿಗೆ ಬಡ್ಡಿ ಇಲ್ಲದಂತೆ ಇದಕ್ಕೂ ಬಡ್ಡಿ ಇಲ್ಲ. ಅಂಗಡಿಯ ಯುಪಿಐ ಕ್ಯೂಆರ್ ಕೋಡನ್ನೇ ಸ್ಕ್ಯಾನ್ ಮಾಡಿ ಇದನ್ನೂ ಕೊಡಬಹುದಾದ್ದರಿಂದ ಎರಡೂ ಒಂದೇ ಅನ್ನಿಸುತ್ತದೆ. ಬಿಟ್‌ಕಾಯಿನ್‌ಗೂ ಇದಕ್ಕೂ ಸಂಬಂಧವಿಲ್ಲ. ಬಿಟ್‌ಕಾಯಿನ್‌ಗೆ ಹೊಣೆಗಾರರಿಲ್ಲ, ದಿನಕ್ಕೊಂದು ಬೆಲೆ. ಡಿಜಿಟಲ್ ರೂಪಾಯಿ ಇವತ್ತು ಒಂದು ರೂಪಾಯಿ, ನಾಳೆಯೂ ಒಂದೇ ರೂಪಾಯಿ.

ಕೈಗೆ ಸಿಗದ ದುಡ್ಡು ದುಡ್ಡೇ ಅಲ್ಲ ಎನ್ನುವ ಹಿರಿಯರಿಗೆ ಮೈಸೂರು ಸೀಮೆಯದೇ ಉತ್ತರವಿದೆ. ರಣಧೀರ ಕಂಠೀರವ ನರಸರಾಜ ಒಡೆಯರು (1638–1659) ಟಂಕಸಾಲೆ ಸ್ಥಾಪಿಸಿ ಕಂಠೀರಾಯಿ ಹಣ ಹೊರಡಿಸಿದರು. ಅಂಥ ಹತ್ತು ಹಣಕ್ಕೆ ಒಂದು ವರಹ. ಆದರೆ ಆ ವರಹ ನಾಣ್ಯವಾಗಿ ಇರಲೇ ಇಲ್ಲ, ಬರಿಯ ಲೆಕ್ಕದ ಪುಸ್ತಕದಲ್ಲಿತ್ತು ಎಂದು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಕಣ್ಣಿಗೆ ಕಾಣದ ವರಹದಲ್ಲಿ ನಮ್ಮ ಪೂರ್ವಿಕರು ಲೆಕ್ಕ ಬರೆದಿದ್ದಾರೆ. ಇವತ್ತಿನ ಮಾತಿಗೆ ಬಂದರೆ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರನ್ನು ಕೇಳಿ. ಹರಾಜು ಕಟ್ಟೆಯಲ್ಲಿ ಬೇಲು ಮಾರಿದ ದುಡ್ಡು ಅವರ ಕೈಗೆ ಬರುವುದಿಲ್ಲ, ಖಾತೆಗೆ ಬರುತ್ತದೆ. ಡೇರಿಯ ಹಾಲಿನ ದುಡ್ಡೂ ಹಾಗೆಯೇ. ಕಾಣದ ದುಡ್ಡು ನಮಗೆ ಹೊಸತಲ್ಲ.

ಒಂದು ಪ್ರಶ್ನೆಗೆ ಮಾತ್ರ ನಗಬಾರದು. ಸರ್ಕಾರ ಬೇಕೆಂದಾಗ ಈ ರೂಪಾಯಿಗೆ ಷರತ್ತು ಹಾಕಬಹುದೇ, ಗೊಬ್ಬರಕ್ಕೆ ಕೊಟ್ಟದ್ದು ಗೊಬ್ಬರಕ್ಕೇ ಖರ್ಚಾಗಲಿ ಎನ್ನಬಹುದೇ? ಹೌದು, ತಾಂತ್ರಿಕವಾಗಿ ಸಾಧ್ಯ. ಹಾಗೆ ಉದ್ದೇಶ ಕಟ್ಟಿದ ಹಣವನ್ನೂ ನೆಟ್‌ವರ್ಕ್ ಇಲ್ಲದ ಕಡೆ ನಡೆಯುವ ಸೌಲಭ್ಯವನ್ನೂ ತರುವುದಾಗಿ ರಿಸರ್ವ್ ಬ್ಯಾಂಕೇ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಸಿಗ್ನಲ್ ಹುಡುಕಿ ದಿಬ್ಬ ಹತ್ತುವವರಿಗೆ ಎರಡನೆಯದು ವರ. ಮೊದಲನೆಯದು ವರವೋ ಶಾಪವೋ ಎಂಬುದು ಷರತ್ತನ್ನು ಯಾರು, ಯಾವ ಕಾನೂನಿನಡಿ ಹಾಕುತ್ತಾರೆ ಎಂಬುದರ ಮೇಲೆ ನಿಂತಿದೆ. ಕೇಳಬೇಕಾದ ಪ್ರಶ್ನೆ ಇದು. ನಾವು ಇದನ್ನು ಬಿಟ್ಟು ಚಿಪ್ ಹುಡುಕುತ್ತಿದ್ದೆವು.

ಮುಂದಿನ ನಂಬಿಕೆ ತೆರಿಗೆಯದು. ಯುಪಿಐನಲ್ಲಿ ದುಡ್ಡು ತೆಗೆದುಕೊಂಡರೆ ಜಿಎಸ್‌ಟಿ ಬೀಳುತ್ತದೆ, ನಗದು ತೆಗೆದುಕೊಂಡರೆ ಇಲ್ಲ. ರೈತನ ಖಾತೆಗೆ ಬೆಳೆಯ ದುಡ್ಡು ಜಾಸ್ತಿ ಬಂದರೂ ನೋಟಿಸು ಬರುತ್ತದೆ. 2025ರ ಜುಲೈಯಲ್ಲಿ ಬೆಂಗಳೂರಿನ ಬೇಕರಿ, ಬೀಡಾ ಅಂಗಡಿಗಳ ಗಾಜಿನ ಮೇಲೆ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿ ಅಂಟಿಸಿದ್ದು ಈ ನಂಬಿಕೆಯಿಂದಲೇ. ಚೀಟಿಯ ಗಾಳಿ ಮೈಸೂರು ರಸ್ತೆ ಹಿಡಿದು ನಮ್ಮಲ್ಲಿಗೂ ಬೀಸಿತು.

ವಾಸ್ತವ: ಜಿಎಸ್‌ಟಿ ಬೀಳುವುದು ಮಾರಾಟಕ್ಕೆ, ದುಡ್ಡು ಯಾವ ದಾರಿಯಲ್ಲಿ ಬಂತು ಎಂಬುದಕ್ಕಲ್ಲ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡುವವರದು 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಮಾಡಿಸಬೇಕು. ಆ ವಹಿವಾಟು ಪೂರ್ತಿ ನಗದಿನಲ್ಲಿ ನಡೆದರೂ ನಿಯಮ ಇದೇ. ನಗದಿನಲ್ಲಿ ನಡೆದದ್ದು ಕಾಣುವುದಿಲ್ಲ, ಯುಪಿಐನಲ್ಲಿ ನಡೆದದ್ದು ಕಾಣುತ್ತದೆ; ವ್ಯತ್ಯಾಸ ಇಷ್ಟೇ. ವಾಣಿಜ್ಯ ತೆರಿಗೆ ಇಲಾಖೆ ಮಾಡಿದ್ದೂ ಇದನ್ನೇ. ಪಾವತಿ ಕಂಪನಿಗಳಿಂದ 2021–22ರಿಂದ ಈಚಿನ ಲೆಕ್ಕ ತರಿಸಿಕೊಂಡು ಮಿತಿ ಮೀರಿದವರಿಗೆ ನೋಟಿಸು ಕಳಿಸಿತು.

ಆದರೆ ಇಲಾಖೆಯೂ ಸಾಚಾ ಅಲ್ಲ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ರೂಪಾಯಿ ಕಟ್ಟುವಂತೆ ನೋಟಿಸು ಹೋಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ತೆರಿಗೆ ವಿನಾಯಿತಿಯ ಸರಕನ್ನಷ್ಟೇ ಮಾರುವವರು ವಹಿವಾಟು ಎಷ್ಟಿದ್ದರೂ ನೋಂದಣಿ ಮಾಡಿಸಬೇಕಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಖಾತೆಗೆ ಬಂದದ್ದೆಲ್ಲ ಮಾರಾಟವೆಂದು ಲೆಕ್ಕ ಹಾಕಿದರೆ ಕೈಸಾಲ, ಭಾವಮೈದುನ ವಾಪಸ್ ಕೊಟ್ಟ ದುಡ್ಡು, ಚೀಟಿ ಎತ್ತಿದ ಹಣ ಎಲ್ಲವೂ ವ್ಯಾಪಾರವಾಗಿಬಿಡುತ್ತದೆ. ಜುಲೈ 25ರ ಬಂದ್‌ಗೆ ವ್ಯಾಪಾರಿಗಳು ಕರೆ ಕೊಟ್ಟ ಮೇಲೆ, 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ಮೀರಿದವರು ನೋಂದಣಿ ಮಾಡಿಸಲೇಬೇಕು ಎಂದರು. ನೋಂದಣಿ ಎಂದರೆ ನೇರ ಶೇಕಡಾ 18 ಎಂಬ ಭಯವೂ ಬೇಡ. ಒಂದೂವರೆ ಕೋಟಿವರೆಗಿನ ವ್ಯಾಪಾರಿ ರಾಜಿ ತೆರಿಗೆ ಪದ್ಧತಿಯಲ್ಲಿ ಶೇಕಡಾ 1 ಕಟ್ಟಿ ಸುಮ್ಮನಿರಬಹುದು.

ರೈತರ ಮಾತು ಇನ್ನೂ ಸರಳ. ತನ್ನ ಹೊಲದಲ್ಲಿ ಬೆಳೆದದ್ದನ್ನು ಮಾರುವ ರೈತನಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೂ ಇಲ್ಲ. ಹಣ ಎಲ್ಲಿಂದ ಬಂತೆಂದು ತೋರಿಸಲು ಪಟ್ಟಿ, ರಸೀದಿ ಇಟ್ಟುಕೊಂಡಿದ್ದರೆ ಸಾಕು. ಅಂಗಡಿಯವರಿಗೆ ನಮ್ಮ ಸಲಹೆ ಒಂದೇ: ಅಂಗಡಿಯ ಕ್ಯೂಆರ್‌ಗೆ ಬೇರೆ ಖಾತೆ, ಮನೆಯ ವ್ಯವಹಾರಕ್ಕೆ ಬೇರೆ ಖಾತೆ.

ದುಡ್ಡು ಬರಬೇಕಾದರೂ ಪಿನ್ ಒತ್ತಬೇಕು ಎಂಬ ನಂಬಿಕೆ ಮೇಲಿನ ಎಲ್ಲಕ್ಕಿಂತ ಚಿಕ್ಕದು. ಆದರೆ ಜನರ ಜೇಬಿಗೆ ಕತ್ತರಿ ಹಾಕುವುದು ಇಂಥವೇ.

ವಾಸ್ತವ: ಪಿನ್ ಒತ್ತುವುದು ದುಡ್ಡು ಕಳಿಸಲು ಮತ್ತು ಬಾಕಿ ಎಷ್ಟಿದೆಯೆಂದು ನೋಡಲು. ಸ್ವೀಕರಿಸಲು ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಹಳೇ ಟ್ರ್ಯಾಕ್ಟರ್ ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದವರಿಗೆ ಫೋನು ಬರುತ್ತದೆ. ಆ ಕಡೆಯವನು ತಾನು ಸೇನೆಯಲ್ಲಿದ್ದೇನೆ, ಮುಂಗಡ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಎನ್ನುತ್ತಾನೆ. ಸ್ಕ್ಯಾನ್ ಮಾಡಿದೊಡನೆ ಪರದೆಯಲ್ಲಿ ಪಾವತಿಸಿ ಎಂದು ಕನ್ನಡದಲ್ಲೇ ಬಂದಿರುತ್ತದೆ. ಅವಸರದಲ್ಲಿ ನಾವು ಮೊತ್ತ ನೋಡುತ್ತೇವೆ, ಕ್ರಿಯಾಪದ ನೋಡುವುದಿಲ್ಲ. ಈ ಮೋಸದ ತಮ್ಮಂದಿರು ವಾಟ್ಸ್ಆಪ್‌ನಲ್ಲಿ ಬರುವ ಎಪಿಕೆ ಕಡತಗಳು: ಒಮ್ಮೆ ಪಿಎಂ ಕಿಸಾನ್ ಹೆಸರು, ಒಮ್ಮೆ ಟ್ರಾಫಿಕ್ ದಂಡ, ಒಮ್ಮೆ ಮದುವೆಯ ಕರೆಯೋಲೆ. ಫೋಟೋ ಎಂದುಕೊಂಡು ಒತ್ತಿದರೆ ಅದು ಆ್ಯಪ್ ಆಗಿ ಕೂತು ಬ್ಯಾಂಕಿನ ಒಟಿಪಿ ಸಂದೇಶಗಳನ್ನು ಓದುತ್ತದೆ. ಲಗ್ನಪತ್ರಿಕೆ ಎಪಿಕೆ ರೂಪದಲ್ಲಿ ಬರುವುದಿಲ್ಲ. ಬಂದರೆ ಆ ಮದುವೆಗೆ ಹೋಗಬೇಡಿ.

ಇನ್ನೊಂದು ಮಾತು, ಇದನ್ನು ಓದುಬರಹ ಬಲ್ಲವರೇ ಹೆಚ್ಚು ಹೇಳುತ್ತಾರೆ. ಖಾಸಗಿತನವೆಲ್ಲ ಪಟ್ಟಣದವರ, ಪಾಶ್ಚಾತ್ಯರ ಶೋಕಿ. ಹಳ್ಳಿಯಲ್ಲಿ ಯಾರ ಮನೆಯ ಸಾರು ಏನೆಂದು ಎಲ್ಲರಿಗೂ ಗೊತ್ತು. ತಪ್ಪು ಮಾಡದವನಿಗೆ ಮುಚ್ಚಿಡಲು ಏನಿದೆ?

ವಾಸ್ತವ: ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋಗಿ ನೋಡಿ. ಜೋಡಿ ಎತ್ತಿನ ವ್ಯಾಪಾರ ಕುದುರಿಸುವ ದಲ್ಲಾಳಿ ಬಾಯಲ್ಲಿ ಬೆಲೆ ಹೇಳುವುದಿಲ್ಲ. ಹೆಗಲ ಟವೆಲನ್ನು ಕೈಮೇಲೆ ಹರಡಿಕೊಳ್ಳುತ್ತಾನೆ, ಅದರಡಿ ಮಾರುವವನ ಬೆರಳು ಹಿಡಿಯುತ್ತಾನೆ. ಎರಡು ಬೆರಳು, ಒಂದು ಅದುಮು, ತಲೆ ಅಡ್ಡಡ್ಡ ಆಡುತ್ತದೆ. ಮತ್ತೆ ಒಂದು ಬೆರಳು, ಈಗ ತಲೆ ಉದ್ದುದ್ದ. ಸುತ್ತ ಹತ್ತು ಜನ ನಿಂತಿದ್ದರೂ ಬೆಲೆ ಆ ಇಬ್ಬರಿಗೆ ಮಾತ್ರ ಗೊತ್ತು. ಅವರಿಬ್ಬರೂ ಕಳ್ಳರಲ್ಲ. ತಮ್ಮ ವ್ಯವಹಾರ ತಮ್ಮದು ಎಂದು ತಿಳಿದವರು. ಖಾಸಗಿತನ ನಮಗೆ ಯಾರೂ ಹಡಗಿನಲ್ಲಿ ತಂದುಕೊಟ್ಟದ್ದಲ್ಲ.

ಕಾನೂನಿನಲ್ಲಿ ಅದನ್ನು ಮೂಲಭೂತ ಹಕ್ಕೆಂದು ಬರೆಸಿದ ಮೊಕದ್ದಮೆಯ ಹೆಸರೇ ಒಬ್ಬ ಕನ್ನಡಿಗರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿತು. ಮರುವರ್ಷ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಯೋಜನೆಯನ್ನು ಉಳಿಸಿತು. ಸರ್ಕಾರಿ ಸವಲತ್ತಿಗೆ ಅದನ್ನು ಕೇಳಬಹುದು, ಬ್ಯಾಂಕ್ ಖಾತೆ ಮತ್ತು ಸಿಮ್ಮಿಗೆ ಕಡ್ಡಾಯ ಮಾಡುವಂತಿಲ್ಲ ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪನ್ನು ದೇಶದ ನ್ಯಾಯಾಲಯಗಳು ನಿತ್ಯ ಉಲ್ಲೇಖಿಸುತ್ತವೆ. ನಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತಿದೆಯೋ ಕೇಳಿ ನೋಡಬೇಕು.

ಮುಚ್ಚಿಡಲು ಏನಿದೆ ಎನ್ನುವವರು ಯಾವುದಾದರೂ ಜೆರಾಕ್ಸ್ ಅಂಗಡಿಯ ಕಂಪ್ಯೂಟರನ್ನೊಮ್ಮೆ ಇಣುಕಬೇಕು. ಪ್ರಿಂಟಿಗೆಂದು ನಾವೇ ವಾಟ್ಸ್ಆಪ್ ಮಾಡಿದ ಆಧಾರ್, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ಜಾತಿ ಪ್ರಮಾಣಪತ್ರ, ಮಗಳ ಅಂಕಪಟ್ಟಿ ಎಲ್ಲವೂ ಡೌನ್‌ಲೋಡ್ಸ್ ಕಪಾಟಿನಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಅಂಗಡಿಯ ಹುಡುಗ ಒಳ್ಳೆಯವನೇ ಇರಬಹುದು. ಅಲ್ಲಿಗೆ ಪೆನ್ ಡ್ರೈವ್ ಹಾಕುವವರೆಲ್ಲರೂ ಒಳ್ಳೆಯವರೆಂದು ಹೇಗೆ ಹೇಳುವುದು? ಆಧಾರ್ ಸಂಖ್ಯೆ ಒಂದೇ ಗೊತ್ತಾದರೆ ಖಾತೆ ಖಾಲಿಯಾಗುತ್ತದೆ ಎಂಬುದು ಸುಳ್ಳು. ಸಂಖ್ಯೆಯ ಜೊತೆ ಬೆರಳಚ್ಚೂ ಸಿಕ್ಕರೆ ಆಗುತ್ತದೆ ಎಂಬುದು ನಿಜ. ಆಧಾರ್ ಆಧಾರಿತ ಪಾವತಿಯಲ್ಲಿ ಪಿನ್ ಇಲ್ಲ, ಒಟಿಪಿ ಇಲ್ಲ, ಹೆಬ್ಬೆಟ್ಟೇ ಸಹಿ. ಒಂದು ಬಾರಿಗೆ 10,000 ರೂಪಾಯಿವರೆಗೆ ತೆಗೆಯಬಹುದು. 2023ರಲ್ಲಿ ಬೆಂಗಳೂರು, ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹೀಗೆ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ನಕಲು ಮಾಡಿದ್ದಾರೆಂಬ ಅನುಮಾನ ಬಂದ ಮೇಲೆ ಸರ್ಕಾರ ಅವುಗಳನ್ನು ಮರೆಮಾಚಲು ಮುಂದಾಯಿತು. ಇದಕ್ಕೆ ಮದ್ದು ಪುಕ್ಕಟೆ: ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಬೀಗ ಹಾಕಬಹುದು, ಬೇಕಾದಾಗ ತೆಗೆಯಬಹುದು. ಗುರುತಿಗೆ ಪ್ರತಿ ಕೇಳಿದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಚಿದ ಆಧಾರ್ ಕೊಡಬಹುದು. ಬೆರಳಿಟ್ಟೇ ದುಡ್ಡು ತೆಗೆಯುವ ಅಜ್ಜಿಗೆ ಬೀಗ ಹಾಕಿಕೊಟ್ಟರೆ ತೆಗೆಯುವುದನ್ನೂ ಕಲಿಸಬೇಕು, ಅದು ಮೊಮ್ಮಕ್ಕಳ ಜವಾಬ್ದಾರಿ.

ಮನೆಯೊಳಗಿನ ಖಾಸಗಿತನದ ಮಾತನ್ನು ಯಾರೂ ಎತ್ತುವುದಿಲ್ಲ. ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಉದ್ಘಾಟನೆಯಾಯಿತು. ತಿಂಗಳಿಗೆ 2,000 ರೂಪಾಯಿ ಯಜಮಾನಿಯ ಖಾತೆಗೆ. ಖಾತೆ ಅವಳದು, ಆದರೆ ಖಾತೆಗೆ ಕೊಟ್ಟ ಫೋನ್ ನಂಬರು ಎಷ್ಟೋ ಮನೆಗಳಲ್ಲಿ ಗಂಡನದೋ ಮಗನದೋ. ದುಡ್ಡು ಬಿದ್ದ ಸಂದೇಶ ಅವಳಿಗಿಂತ ಮೊದಲು ಅವರಿಗೆ ಗೊತ್ತು. ಸೀರೆಯ ಗಂಟಿನಲ್ಲಿದ್ದ ದುಡ್ಡಿಗೆ ಇದ್ದ ಗುಟ್ಟು ಇದಕ್ಕಿಲ್ಲ. ಬ್ಯಾಂಕಿಗೆ ಹೋಗಿ ಅವಳ ನಂಬರನ್ನೇ ಜೋಡಿಸಿ. ಸಾದಾ ಫೋನಿದ್ದರೂ *99# ಒತ್ತಿ ಖಾತೆ ನೋಡಿಕೊಳ್ಳಬಹುದು.

ದತ್ತಾಂಶ ರಕ್ಷಣೆಗೆ 2023ರ ಆಗಸ್ಟಿನಲ್ಲಿ ಕೇಂದ್ರ ಕಾಯ್ದೆ ಬಂತು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಸರ್ಕಾರ ತನ್ನದೇ ಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಕೊಟ್ಟುಕೊಳ್ಳಬಹುದು ಎಂಬ ಕಲಮೂ ಅದರಲ್ಲಿದೆ. ಬೇಲಿ ಹಾಕಿದ್ದಾರೆ, ಗೇಟಿನ ಕೀಲಿ ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ.

ಮತ್ತೊಂದು ನಂಬಿಕೆ. ಬಿಟ್‌ಕಾಯಿನ್ ಈಗ ಕಾನೂನುಬದ್ಧ, ಏಕೆಂದರೆ ಸರ್ಕಾರ ಅದಕ್ಕೆ ತೆರಿಗೆ ಹಾಕಿದೆ. ಹಾಕಿದ ದುಡ್ಡು ಎಲ್ಲಿಗೂ ಹೋಗುವುದಿಲ್ಲ.

ವಾಸ್ತವ: ತೆರಿಗೆ ಹಾಕುವುದು ಒಪ್ಪಿಗೆಯ ಮುದ್ರೆಯಲ್ಲ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ ಇದೆ. ಒಂದು ಕಾಯಿನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಲಾಟರಿಯ ಗೆಲುವಿಗೂ ಶೇಕಡಾ 30, ಹಾಗೆಂದು ಲಾಟರಿ ಉಳಿತಾಯ ಯೋಜನೆಯಾಗಲಿಲ್ಲ. ಬ್ಯಾಂಕುಗಳು ಇದರ ವ್ಯವಹಾರಕ್ಕೆ ಕೈ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು. ಆ ಬಳಿಕ ಕೊಳ್ಳುವುದು ಮಾರುವುದು ಅಪರಾಧವಲ್ಲ. ಆದರೆ ಅದು ಈ ದೇಶದ ಚಲಾವಣೆಯ ಹಣವೂ ಅಲ್ಲ, ಅದಕ್ಕೆ ಠೇವಣಿ ವಿಮೆಯೂ ಇಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕಾಯಿನ್ ಕದ್ದರು. ಗ್ರಾಹಕರು ತಮ್ಮದೇ ದುಡ್ಡಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದರು. ಇಷ್ಟಾದರೂ ಬಿಟ್‌ಕಾಯಿನ್‌ಗೆ ಒಂದು ನಿಯಮವಿದೆ, ಒಟ್ಟು 2.1 ಕೋಟಿ ಮೀರಿ ಹುಟ್ಟುವುದಿಲ್ಲ, ಪ್ರತಿ ವಹಿವಾಟೂ ಬಹಿರಂಗ ಖಾತೆಯಲ್ಲಿ ದಾಖಲಾಗುತ್ತದೆ. ಮೈಸೂರಿನ ಹೋಟೆಲ್ ಸಭಾಂಗಣದಲ್ಲಿ ಊಟ ಹಾಕಿಸಿ, ತಿಂಗಳಿಗೆ ಇಷ್ಟು ಪರ್ಸೆಂಟ್ ಎಂದು ಹೊಸ ಹೆಸರಿನ ಕಾಯಿನ್ ಮಾರುವವರದಕ್ಕೆ ಅದೂ ಇಲ್ಲ. ಅದು ಹಳೇ ಚೈನ್ ಲಿಂಕಿನ ವ್ಯವಹಾರವೇ, ಕೋಟು ಹಾಕಿಕೊಂಡು ಬಂದಿದೆ.

ಕೊನೆಯದು ಇತ್ತೀಚಿನ ಭಯ. ಫೋನಿನ ಪರದೆಯಲ್ಲಿ ಪೊಲೀಸ್ ಸಮವಸ್ತ್ರದವರು ಬಂದು ನಿಮ್ಮ ಆಧಾರ್ ಬಳಸಿ ಅಪರಾಧ ನಡೆದಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎಂದರೆ ಅದು ನಿಜವಿರಬಹುದು, ಕಾಲ್ ಕಟ್ ಮಾಡಿದರೆ ಕೇಸು ಬೀಳುತ್ತದೆ.

ವಾಸ್ತವ: ವಿಡಿಯೋ ಕಾಲ್‌ನಲ್ಲಿ ಬಂಧಿಸುವ ಅಧಿಕಾರ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ತನಿಖೆಗೆಂದು ಹಣ ವರ್ಗಾಯಿಸಿ ಎಂದು ಪೊಲೀಸರು, ಸಿಬಿಐ, ರಿಸರ್ವ್ ಬ್ಯಾಂಕ್ ಯಾರೂ ಕೇಳುವುದಿಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಇಂಥದೊಂದು ಕರೆಯ ಧ್ವನಿಯನ್ನು ದೇಶಕ್ಕೇ ಕೇಳಿಸಿದರು. ಆ ಕರೆ ಬಂದದ್ದು ನಮ್ಮ ವಿಜಯಪುರದವರೊಬ್ಬರಿಗೆ. ಅವರು ಹೆದರದೆ ಕರೆಯನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಎಲ್ಲರಿಗೂ ಆ ಧೈರ್ಯ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಕರೆ ಕಡಿದರೆ ಸಾಕು.

ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. 1930ಕ್ಕೆ ಕೂಡಲೇ ಫೋನು ಮಾಡಿ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವ ಮೊದಲು ದೂರು ತಲುಪಿದರೆ ಬ್ಯಾಂಕು ಅದನ್ನು ತಡೆಹಿಡಿಯಬಹುದು. ನಾಳೆ ಬೆಳಿಗ್ಗೆ ಠಾಣೆಗೆ ಹೋಗೋಣವೆಂದು ಮಲಗಿದರೆ ಆ ಹೊತ್ತಿಗೆ ಯಾವ ಊರಿನ ಎಟಿಎಂನಿಂದಲೋ ಅದು ನಗದಾಗಿರುತ್ತದೆ. ಜಿಲ್ಲೆಗೊಂದು ಸೈಬರ್ ಅಪರಾಧ ಠಾಣೆ ಇದೆ, ಮೈಸೂರಿನಲ್ಲೂ ಇದೆ. ಮೊದಲು ನಂಬರು, ಆಮೇಲೆ ಠಾಣೆ.